‘ತುರಿಕೆ ಇದ್ಯಾ?’ ಅಂತ ಕೇಳಿದ್ರೆ ಸಾಕಾ? ಮನೆಬಾಗಿಲ ಚರ್ಮರೋಗ ಸಮೀಕ್ಷೆ ಹೇಳೋದೆಷ್ಟು, ಬಿಡೋದೆಷ್ಟು

ಕಮ್ಮನಹಳ್ಳಿ: “ಮನೇಲಿ ಯಾರಿಗಾದ್ರೂ ಮೈಮೇಲೆ ಮಚ್ಚೆ, ತುರಿಕೆ, ಗುಳ್ಳೆ ಏನಾದ್ರೂ ಇದ್ಯಾ?” ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆ ಕೇಳುವುದು ಇಷ್ಟೇ. ಒಳಗಿನಿಂದ ಬರುವ ಉತ್ತರವೂ ಹೆಚ್ಚಿನ ಮನೆಗಳಲ್ಲಿ ಒಂದೇ ಥರ: “ಏನೂ ಇಲ್ಲಮ್ಮ, ಎಲ್ಲಾ ಚೆನ್ನಾಗಿದ್ದೀವಿ.” ಅರ್ಧ ನಿಮಿಷದಲ್ಲಿ ಮಾತು ಮುಗಿಯುತ್ತದೆ. ಪುಸ್ತಕದಲ್ಲಿ ‘ಇಲ್ಲ’ ಅಂತ ಬೀಳುತ್ತದೆ. ಆ ‘ಇಲ್ಲ’ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಜಿಲ್ಲೆಗೆ ಹೋಗಿ, ಕೊನೆಗೆ ಒಂದು ಪಟ್ಟಿಯಲ್ಲಿ ಸಣ್ಣ ಅಂಕಿಯಾಗಿ ಕೂರುತ್ತದೆ.

ಅದೇ ಸಂಜೆ ಅದೇ ಮನೆಯ ಹುಡುಗ ಮೇನ್ ರೋಡಿನ ಮೆಡಿಕಲ್ ಶಾಪ್‌ಗೆ ಹೋಗಿ, ಕೌಂಟರ್ ಮೇಲೆ ಬಗ್ಗಿ, ಮೆಲ್ಲಗೆ “ಅಣ್ಣ, ತುರಿಕೆಗೆ ಒಂದು ಟ್ಯೂಬ್ ಕೊಡಿ” ಅನ್ನಬಹುದು. ಸಮೀಕ್ಷೆಯ ಪುಸ್ತಕದಲ್ಲಿ ಆ ಮನೆಗೆ ಕಾಯಿಲೆ ಇಲ್ಲ, ಅಂಗಡಿಯ ಬಿಲ್ಲಿನಲ್ಲಿ ಇದೆ. ಎರಡರಲ್ಲಿ ಯಾವುದನ್ನು ನಂಬಬೇಕು?

ಇದು ಬರೀ ಅಂಕಿಸಂಖ್ಯೆಯ ತಕರಾರಲ್ಲ. ಒಂದು ವಾರ್ಡಿನಲ್ಲಿ ಚರ್ಮದ ಕಾಯಿಲೆ ಎಷ್ಟಿದೆ ಅನ್ನೋ ಲೆಕ್ಕದ ಮೇಲೆ ಅಲ್ಲಿಗೆ ಎಷ್ಟು ಮುಲಾಮು ಬರಬೇಕು, ಚರ್ಮ ತಜ್ಞರು ಬರಬೇಕೋ ಬೇಡವೋ, ಶಿಬಿರ ಎಲ್ಲಿ ಇಡಬೇಕು ಅನ್ನೋದು ನಿಂತಿರುತ್ತದೆ. ಲೆಕ್ಕ ತಪ್ಪಿದರೆ ಕೆಲವರಿಗೆ ತುರಿಕೆ ಇನ್ನಷ್ಟು ದಿನ ಮುಂದುವರಿಯುತ್ತದೆ. ಇನ್ನು ಕೆಲವರಿಗೆ ಕೈಬೆರಳಿನ ಸ್ಪರ್ಶವೇ ಹೋಗಿಬಿಡುತ್ತದೆ.

ಕೇಳಿ ತಿಳಿಯೋದೇ ಯಾಕೆ?

ಸಕ್ಕರೆ ಕಾಯಿಲೆಗೆ ಸ್ಟ್ರಿಪ್ ಇದೆ, ಬಿಪಿಗೆ ಮಷಿನ್ ಇದೆ. ಚರ್ಮದ ಕಾಯಿಲೆಗೆ ಮನೆಬಾಗಿಲಲ್ಲಿ ಇಟ್ಟು ನೋಡುವಂಥ ಯಂತ್ರ ಇಲ್ಲ. ಅನುಭವ ಇರುವ ವೈದ್ಯರು ಬೆಳಕಿನಲ್ಲಿ ನೋಡಬೇಕು, ಮುಟ್ಟಿ ನೋಡಬೇಕು, ಕೆಲವೊಮ್ಮೆ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಬಟ್ಟೆ ಸರಿಸಿ ತೋರಿಸೋಕೆ ಮರೆಯಾದ ಜಾಗವೂ ಬೇಕು. ಇಷ್ಟನ್ನೂ ಒಂದು ಬಡಾವಣೆಯ ಪ್ರತಿ ವ್ಯಕ್ತಿಗೆ ಮಾಡಿಸುವಷ್ಟು ಚರ್ಮ ತಜ್ಞರು ಯಾವ ಊರಲ್ಲೂ ಇಲ್ಲ. ನಮ್ಮ ಕ್ಲಿನಿಕ್‌ನಲ್ಲಿ ಸಿಗುವುದು ಸಾಮಾನ್ಯ ವೈದ್ಯರು. ಸರ್ಕಾರಿ ಚರ್ಮ ವಿಭಾಗ ಬೇಕು ಅಂದರೆ ಕಮ್ಮನಹಳ್ಳಿಯವರು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಕಡೆ ಬಸ್ ಹತ್ತಬೇಕು.

ಹಾಗಂತ ಆಸ್ಪತ್ರೆಯ ಚೀಟಿಗಳನ್ನೇ ಎಣಿಸಿದರೆ ಸಾಲದು. ಚೀಟಿ ಇರೋದು ಬಂದವರದ್ದು ಮಾತ್ರ. ಒಂದು ದಿನದ ಕೂಲಿ ಬಿಟ್ಟು ಬರಲಾಗದವರು, “ತುರಿಕೆಗೆಲ್ಲಾ ಯಾಕೆ ಆಸ್ಪತ್ರೆ” ಅಂದುಕೊಂಡವರು, ತೋರಿಸೋಕೆ ನಾಚಿಕೆ ಪಟ್ಟವರು ಆ ಲೆಕ್ಕದಲ್ಲಿ ಇರುವುದಿಲ್ಲ. ಅದಕ್ಕೇ ಜನರನ್ನೇ ಕೇಳುವ ಪದ್ಧತಿ ಬಂತು.

ಲಂಡನ್ನಿನ ಲ್ಯಾಂಬೆತ್ ಎಂಬ ಪ್ರದೇಶದಲ್ಲಿ ನಡೆದು 1976ರಲ್ಲಿ ಪ್ರಕಟವಾದ ಅಧ್ಯಯನ ಈ ವಿಷಯದಲ್ಲಿ ಹೆಸರಾದದ್ದು. ಅಲ್ಲಿ 2,180 ವಯಸ್ಕರಿಗೆ ಮೊದಲು ಪ್ರಶ್ನಾವಳಿ ಕೊಟ್ಟರು. ಆಮೇಲೆ ಅವರಲ್ಲಿ ಒಂದು ಭಾಗವನ್ನು ಆರಿಸಿ ಖುದ್ದಾಗಿ ಪರೀಕ್ಷೆ ಮಾಡಿದರು. ವೈದ್ಯರಿಗೆ ತೋರಿಸಲೇಬೇಕಾದಂಥ ಚರ್ಮದ ತೊಂದರೆ ಶೇ 22.5ರಷ್ಟು ಜನರಲ್ಲಿದೆ ಅಂತ ಅಂದಾಜು ಬಂತು. ಅಮೆರಿಕದಲ್ಲಿ 1971ರಿಂದ 74ರ ನಡುವೆ 20 ಸಾವಿರಕ್ಕೂ ಹೆಚ್ಚು ಜನರ ಮೈಯನ್ನು ವೈದ್ಯರೇ ನೋಡಿದಾಗ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಗಮನ ಕೊಡಬೇಕಾದ ತೊಂದರೆ ಸಿಕ್ಕಿತು. 2003ರಲ್ಲಿ ನಾರ್ವೆಯ ಓಸ್ಲೋದ ಸಂಶೋಧಕರು ಹತ್ತು ಪ್ರಶ್ನೆಗಳ ಚಿಕ್ಕ ಪಟ್ಟಿ ಮಾಡಿ, ಜನ ಹೇಳಿದ್ದಕ್ಕೂ ವೈದ್ಯರು ಕಂಡಿದ್ದಕ್ಕೂ ಎಷ್ಟು ತಾಳೆ ಆಗುತ್ತೆ ಅಂತ ಪರೀಕ್ಷಿಸಿದರು.

ಈ ಕೆಲಸಗಳಲ್ಲಿ ಗಮನಿಸಬೇಕಾದ್ದು ಒಂದು ಮಾತು. ಬರೀ ಕೇಳಿ ಸುಮ್ಮನಾದವರು ಯಾರೂ ಇಲ್ಲ. ಎಲ್ಲೋ ಒಂದು ಕಡೆ ಕಣ್ಣಿಂದ ನೋಡಿ ಹೋಲಿಸಿಯೇ ಇದ್ದಾರೆ.

ಬರೀ ಕೇಳಿದ್ದು ಇಲ್ಲೇ ನಡೆದಿದೆ

ನೋಡದೆ, ಬರೀ ಕೇಳಿ ಚರ್ಮದ ಕಾಯಿಲೆ ಎಣಿಸಿದ ದೊಡ್ಡ ಉದಾಹರಣೆಗೆ ವಿದೇಶಕ್ಕೆ ಹೋಗಬೇಕಾಗಿಲ್ಲ. ಬ್ರಿಟಿಷರ ಕಾಲದಲ್ಲಿ, 1881ರಿಂದ 1931ರವರೆಗೆ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯಲ್ಲಿ ಕುರುಡು, ಕಿವುಡು-ಮೂಕತನ, ಬುದ್ಧಿವಿಕಲತೆಯ ಜೊತೆಗೆ ಕುಷ್ಠರೋಗಕ್ಕೂ ಒಂದು ಕಲಂ ಇತ್ತು. ಮೈಸೂರು ಸಂಸ್ಥಾನದ ಹಳ್ಳಿಗಳಲ್ಲೂ, ಆಗ ಬ್ರಿಟಿಷರ ಆಡಳಿತದಲ್ಲಿದ್ದ ಬೆಂಗಳೂರು ಕಂಟೋನ್ಮೆಂಟ್‌ನಲ್ಲೂ ಗಣತಿದಾರ ಮನೆಯ ಯಜಮಾನನನ್ನು ಕೇಳಿ ಆ ಕಲಂ ತುಂಬಿಸಿದ. ಗಣತಿದಾರ ವೈದ್ಯನಲ್ಲ. ಊರಿನ ಶಾನುಭೋಗನೋ, ಮೇಷ್ಟ್ರೋ, ಓದುಬರಹ ಬಲ್ಲ ಇನ್ನೊಬ್ಬನೋ ಇರುತ್ತಿದ್ದ.

ಬಿಳಿ ಮಚ್ಚೆ ಮಾತ್ರ ಇರುವವರನ್ನು ಕುಷ್ಠದ ಲೆಕ್ಕಕ್ಕೆ ಸೇರಿಸಬೇಡಿ ಅಂತ ಗಣತಿದಾರರಿಗೆ ಸೂಚನೆ ಇರುತ್ತಿತ್ತು. ತೊನ್ನನ್ನೂ ಕುಷ್ಠವನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ ಅಂತ ಸರ್ಕಾರಕ್ಕೆ ಆಗಲೇ ಗೊತ್ತಿತ್ತು ಅನ್ನೋದಕ್ಕೆ ಆ ಸೂಚನೆಯೇ ಸಾಕ್ಷಿ. ಆದರೂ ಗೊಂದಲ ಬಿಡಲಿಲ್ಲ. ಲೆಕ್ಕಕ್ಕೆ ಬಂದ ಹೆಂಗಸರ ಸಂಖ್ಯೆ ಗಂಡಸರಿಗಿಂತ ತೀರಾ ಕಡಿಮೆ ಇರುತ್ತಿತ್ತು. ಮನೆಯವರು ಮುಚ್ಚಿಡುವುದೂ ಅದಕ್ಕೆ ಒಂದು ಕಾರಣ ಅಂತ ಗಣತಿ ಅಧಿಕಾರಿಗಳೇ ತಮ್ಮ ವರದಿಗಳಲ್ಲಿ ಒಪ್ಪಿಕೊಂಡರು. ಮದುವೆಗೆ ಬಂದ ಮಗಳ ಬಗ್ಗೆ ಯಾವ ಅಪ್ಪ ತಾನೇ ಸರ್ಕಾರದ ಪುಸ್ತಕದಲ್ಲಿ ‘ಹೌದು’ ಅಂತ ಬರೆಸುತ್ತಾನೆ? 1931ರ ನಂತರ ಆ ಕಲಂ ಜನಗಣತಿಯಿಂದಲೇ ಹೋಯಿತು.

ಐವತ್ತು ವರ್ಷ ಕೇಳಿದ ಮೇಲೆ ಕಲಿತ ಪಾಠ ಇಷ್ಟು: ಕಾಯಿಲೆಯ ಹೆಸರು ಹಿಡಿದು ಕೇಳಿದರೆ, ಮನೆಯ ಹಿರಿಯರ ಬಾಯಲ್ಲಿ ಎಲ್ಲರ ಉತ್ತರ ಪಡೆದರೆ, ಬರುವುದು ಕಾಯಿಲೆಯ ಲೆಕ್ಕ ಅಲ್ಲ. ಮಾನ ಹೋಗುತ್ತೆ ಅನ್ನೋ ಭಯವೂ ಆ ಲೆಕ್ಕದೊಳಗೆ ಸೇರಿರುತ್ತದೆ.

ತುರಿಸಿದ್ದು ಲೆಕ್ಕಕ್ಕೆ, ತುರಿಸದ್ದು ಹೊರಗೆ

ಇವತ್ತಿನ ಪ್ರಶ್ನಾವಳಿಗಳು ಕಾಯಿಲೆಯ ಹೆಸರು ಬಿಟ್ಟು ಲಕ್ಷಣ ಕೇಳುತ್ತವೆ. ಅದು ಒಳ್ಳೇದೇ. ಆದರೆ ಜನ ಉತ್ತರ ಹೇಳೋದು ತಮಗೆ ಏನು ಕಾಟ ಕೊಡುತ್ತಿದೆ ಅನ್ನೋದರ ಮೇಲೆ. ತುರಿಸಿದರೆ ಹೇಳುತ್ತಾರೆ, ಉರಿದರೆ ಹೇಳುತ್ತಾರೆ, ಮುಖದ ಮೇಲೆ ಕಂಡರೆ ಹೇಳುತ್ತಾರೆ.

ಕಜ್ಜಿಯನ್ನೇ ತಗೊಳ್ಳಿ. ಸಣ್ಣ ನುಸಿಯೊಂದು ಚರ್ಮದೊಳಗೆ ಕೊರೆದು ಬರುವ ಕಾಯಿಲೆ ಇದು. ರಾತ್ರಿ ಹೊತ್ತು ತುರಿಕೆ ಜಾಸ್ತಿ, ಬೆರಳ ಸಂದಿಯಲ್ಲಿ ಗುಳ್ಳೆ, ಒಂದೇ ಚಾಪೆ, ಒಂದೇ ಹೊದಿಕೆ ಹಂಚಿಕೊಳ್ಳುವವರಿಗೆಲ್ಲಾ ಹರಡುತ್ತದೆ. ಒಂದೇ ರೂಮಿನಲ್ಲಿ ಆರು ಜನ ಇರುವ ಪಿಜಿ, ಕಟ್ಟಡ ಕಾರ್ಮಿಕರ ಶೆಡ್ಡು, ಹಾಸ್ಟೆಲ್ ಇಂಥ ಕಡೆ ಬೇಗ ಹಬ್ಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2020ರಲ್ಲಿ ತಜ್ಞರು ಒಪ್ಪಿದ ಅಂತರರಾಷ್ಟ್ರೀಯ ಮಾನದಂಡದಲ್ಲಿ ಎರಡು ವಿಚಾರಣೆಗೆ ಮಹತ್ವ ಇದೆ: ತುರಿಕೆ ಇದೆಯಾ, ಜೊತೆಗಿರುವ ಯಾರಿಗಾದರೂ ತುರಿಕೆ ಇದೆಯಾ. ಅಂದ್ರೆ ಕಜ್ಜಿಯ ವಿಷಯದಲ್ಲಿ ಕೇಳೋದರಿಂದ ನಿಜವಾಗಿಯೂ ಪ್ರಯೋಜನ ಇದೆ.

ಕುಷ್ಠ ಇದಕ್ಕೆ ಪೂರ್ತಿ ಉಲ್ಟಾ. ಅದರ ಮೊದಲ ಮಚ್ಚೆ ತುರಿಸಲ್ಲ, ನೋಯಲ್ಲ, ಉರಿಯಲ್ಲ. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಬಣ್ಣ ಮಾಸಿದ ಮಚ್ಚೆ, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ, ಅಷ್ಟೇ. ಕಾಟ ಕೊಡದ ಮಚ್ಚೆಯನ್ನು ಯಾರು ನೆನಪಿಟ್ಟುಕೊಂಡು ಹೇಳುತ್ತಾರೆ? ಬೆನ್ನ ಮೇಲೆ ಇದ್ದರಂತೂ ಇದ್ದದ್ದೇ ಗೊತ್ತಿರುವುದಿಲ್ಲ. ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ ಹಿಡಿಯುತ್ತದೆ. ಅಷ್ಟರ ಮೇಲೂ ಚಿಕಿತ್ಸೆ ಇಲ್ಲದೆ ಬಿಟ್ಟರೆ ನರ ಸಾಯುತ್ತದೆ. ಬಿಸಿ ಪಾತ್ರೆ ಹಿಡಿದ ಕೈ ಸುಟ್ಟರೂ ಗೊತ್ತಾಗದ ಹಂತಕ್ಕೆ ಬಂದಾಗ ಮಾತ್ರೆಯಿಂದ ರೋಗಾಣು ಹೋಗುತ್ತದೆ, ಹೋದ ಸ್ಪರ್ಶ ಸಾಮಾನ್ಯವಾಗಿ ವಾಪಸ್ ಬರಲ್ಲ.

ಹೀಗಾಗಿ ತುರಿಕೆಯ ಬಗ್ಗೆ ಮಾತ್ರ ಕೇಳುವ ಸಮೀಕ್ಷೆಯಲ್ಲಿ ಬೆವರುಸಾಲೆಗೆ ಜಾಗ ಸಿಗುತ್ತದೆ, ಕುಷ್ಠಕ್ಕೆ ಸಿಗುವುದಿಲ್ಲ.

ಇನ್ನೊಂದು ತೊಡಕು ದಿನದ ಲೆಕ್ಕದ್ದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2017-18ರಲ್ಲಿ ದೇಶದ ಸುಮಾರು 1.13 ಲಕ್ಷ ಮನೆಗಳಲ್ಲಿ ಆರೋಗ್ಯದ ಬಗ್ಗೆ ವಿಚಾರಿಸಿತು. ಕಳೆದ 15 ದಿನದಲ್ಲಿ ಕಾಯಿಲೆ ಇತ್ತಾ ಅನ್ನೋದು ಮುಖ್ಯ ಪ್ರಶ್ನೆ. ಕಾಯಿಲೆಗಳ ಪಟ್ಟಿಯಲ್ಲಿ ಕುರು, ತುರಿಕೆ ಮುಂತಾದ ಚರ್ಮದ ತೊಂದರೆಗೂ ಒಂದು ಕೋಡ್ ಇದೆ. ಎಲ್ಲಾ ಕಾಯಿಲೆ ಸೇರಿ ‘ಹೌದು’ ಅಂದವರು ಹಳ್ಳಿಗಳಲ್ಲಿ ಶೇ 6.8, ಪಟ್ಟಣಗಳಲ್ಲಿ ಶೇ 9.1. ಎರಡು ವರ್ಷದಿಂದ ತೊಡೆಸಂದಿಯಲ್ಲಿ ಹುಳುಕಡ್ಡಿ ಇಟ್ಟುಕೊಂಡವನು “ಕಾಯಿಲೆ ಇತ್ತಾ” ಅಂದರೆ “ಇಲ್ಲ” ಅಂತಾನೇ ಹೇಳೋದು. ಅವನ ಪಾಲಿಗೆ ಕಾಯಿಲೆ ಅಂದರೆ ಜ್ವರ, ಮಲಗಿದ್ದು, ಕೆಲಸಕ್ಕೆ ಹೋಗದೇ ಇದ್ದದ್ದು. ಹೋಟೆಲ್‌ನಲ್ಲಿ ದಿನವಿಡೀ ಪಾತ್ರೆ ತೊಳೆದು ಬೆರಳ ಸಂದಿ ಬಿಳುಚಿಕೊಂಡವರು, ಸಿಮೆಂಟ್ ಕಲಸಿ ಅಂಗೈ ಬಿರುಕು ಬಿಟ್ಟವರು “ಕೆಲಸ ಅಂದ್ಮೇಲೆ ಇದ್ದಿದ್ದೇ” ಅನ್ನುತ್ತಾರೆ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ವಿಚಿತ್ರವನ್ನೇ ಎತ್ತಿ ತೋರಿಸಿದ್ದರು. ಜನ ಹೆಚ್ಚು ವರ್ಷ ಬದುಕುವ ಕೇರಳದಲ್ಲಿ “ನನಗೆ ಕಾಯಿಲೆ ಇದೆ” ಅನ್ನುವವರು ಹೆಚ್ಚು. ಆಯಸ್ಸು ಕಡಿಮೆ ಇರುವ ಬಿಹಾರದಲ್ಲಿ ಹಾಗನ್ನುವವರು ಕಡಿಮೆ. ಕೇರಳದವರು ಹೆಚ್ಚು ರೋಗಿಗಳು ಅಂತ ಇದರ ಅರ್ಥ ಅಲ್ಲ. ಓದುಬರಹ, ಹತ್ತಿರದ ಆಸ್ಪತ್ರೆ, ವೈದ್ಯರ ಒಡನಾಟ ಇದ್ದರೆ ಜನ ತಮ್ಮ ಮೈಯನ್ನು ಗಮನಿಸುತ್ತಾರೆ, ಹೇಳುತ್ತಾರೆ. ಇದನ್ನು ಕಮ್ಮನಹಳ್ಳಿಗೆ ಅನ್ವಯಿಸಿದರೆ ಅಪಾಯ ಕಾಣುತ್ತದೆ. ಅಪಾರ್ಟ್‌ಮೆಂಟ್‌ಗಳಿಂದ ಹೆಚ್ಚು ‘ಹೌದು’, ಒತ್ತೊತ್ತಾದ ವಠಾರಗಳಿಂದ ಹೆಚ್ಚು ‘ಇಲ್ಲ’ ಬಂದರೆ, ಔಷಧಿ ಅಪಾರ್ಟ್‌ಮೆಂಟ್‌ಗಳ ಕಡೆಗೇ ಹೋಗಬಹುದು.

ಒಂದೇ ಕಾಯಿಲೆ, ಹತ್ತು ಹೆಸರು

ಕಮ್ಮನಹಳ್ಳಿ, ಲಿಂಗರಾಜಪುರ, ಬಾಣಸವಾಡಿ ಕಡೆ ಒಂದು ಗಲ್ಲಿ ದಾಟುವಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಕನ್ನಡದಲ್ಲೇ ಒಬ್ಬರು ಹುಳುಕಡ್ಡಿ ಅನ್ನೋದನ್ನು ಇನ್ನೊಬ್ಬರು ಗಜಕರ್ಣ ಅನ್ನುತ್ತಾರೆ. ತಮಿಳಿನವರಿಗೆ ಅದು ಪಡರ್‌ತಾಮರೈ, ತೆಲುಗಿನವರಿಗೆ ತಾಮರ, ಉರ್ದು-ಹಿಂದಿಯವರಿಗೆ ದಾದ್, ಮಲಯಾಳಿಗಳಲ್ಲಿ ಇಂಥದ್ದಕ್ಕೇ ಪುಳುಕ್ಕಡಿ ಅನ್ನೋ ಮಾತಿದೆ. ಚಿಬ್ಬು, ಬಂಗು, ಇಸುಬು, ತೊನ್ನು, ಸರ್ಪಸುತ್ತು ಒಂದೊಂದೂ ಬೇರೆ ಬೇರೆ ಕಾಯಿಲೆ. ಆದರೆ ‘ಅಲರ್ಜಿ’ ಅನ್ನೋ ಒಂದು ಪದ ಬಂದ ಮೇಲೆ ಎಲ್ಲವೂ ಅದರೊಳಗೆ ಸೇರಿಹೋಗಿವೆ. “ಸ್ಕಿನ್ ಅಲರ್ಜಿ ಸಾರ್” ಅಂದರೆ ಅದು ಹುಳುಕಡ್ಡಿಯೂ ಇರಬಹುದು, ಸೋರಿಯಾಸಿಸ್ಸೂ ಇರಬಹುದು, ಕಜ್ಜಿಯೂ ಇರಬಹುದು.

ಇಂಗ್ಲಿಷಿನಿಂದ ತಂದ ಪ್ರಶ್ನಾವಳಿಯಲ್ಲಿ ಇನ್ನೊಂದು ಎಡವಟ್ಟು ಇದೆ. “ಚರ್ಮ ಕೆಂಪಾಗಿದೆಯೇ?” ಅಂತ ಕೇಳಲಾಗುತ್ತದೆ. ಬಿಳಿ ಚರ್ಮದವರಿಗೆ ಅದು ಸರಿ. ಕಪ್ಪು, ಕಂದು ಮೈಬಣ್ಣದ ಮೇಲೆ ಊತ ಬಂದ ಜಾಗ ಕೆಂಪಾಗಿ ಕಾಣದೇ ಕಪ್ಪಗೋ, ನೇರಳೆ ಬಣ್ಣಕ್ಕೋ ತಿರುಗುತ್ತದೆ. ಕೆಂಪಾಗಿಲ್ಲ ಅಂತ ಪ್ರಾಮಾಣಿಕವಾಗಿ ಉತ್ತರ ಕೊಟ್ಟವರ ಕಾಯಿಲೆ ಅಲ್ಲಿಗೆ ಲೆಕ್ಕ ತಪ್ಪುತ್ತದೆ.

ಮತ್ತೊಂದು ವಿಷಯ ತಿಂಗಳಿನದು. ‘ಕಳೆದ ಒಂದು ವಾರದಲ್ಲಿ’ ಅಂತ ಜನವರಿಯ ಚಳಿಯಲ್ಲಿ ಕೇಳಿದರೆ ಒಣಚರ್ಮ, ಬಿರುಕು ಅನ್ನುತ್ತಾರೆ. ಮಳೆಗಾಲದಲ್ಲಿ ಕೇಳಿದರೆ ಕೆಸರುಹುಣ್ಣು, ಹುಳುಕಡ್ಡಿ. ಏಪ್ರಿಲ್‌ನಲ್ಲಿ ಬೆವರುಸಾಲೆ. ಒಂದು ವಾರ್ಡನ್ನು ಚಳಿಯಲ್ಲಿ, ಪಕ್ಕದ ವಾರ್ಡನ್ನು ಮಳೆಯಲ್ಲಿ ಕೇಳಿ ಎರಡನ್ನೂ ಹೋಲಿಸಿದರೆ ಗೊತ್ತಾಗೋದು ಹವಾಮಾನದ ವ್ಯತ್ಯಾಸ.

ಟ್ಯೂಬ್ ಹಚ್ಚಿದ ಮೇಲೆ ಗುರುತೇ ಸಿಗಲ್ಲ

ಕಳೆದ ಹತ್ತು-ಹದಿನೈದು ವರ್ಷದಲ್ಲಿ ದೇಶದಾದ್ಯಂತ ಹುಳುಕಡ್ಡಿ ಹಠ ಹಿಡಿದು ಕೂತಿದೆ. ಮೊದಲು ಕೆಲವೇ ವಾರದಲ್ಲಿ ಹೋಗುತ್ತಿದ್ದದ್ದು ಈಗ ತಿಂಗಳುಗಟ್ಟಲೆ ಎಳೆಯುತ್ತದೆ, ಮನೆಮಂದಿಗೆಲ್ಲಾ ಹರಡುತ್ತದೆ. ಸಾಮಾನ್ಯ ಔಷಧಿಗೆ ಬಗ್ಗದ ಈ ಶಿಲೀಂಧ್ರದ ತಳಿಗೆ 2020ರಲ್ಲಿ ನಮ್ಮ ದೇಶದ ಹೆಸರೇ ಸೇರಿಸಿ ‘ಟ್ರೈಕೋಫೈಟಾನ್ ಇಂಡೋಟಿನಿಯೇ’ ಅಂತ ಕರೆದರು. ಸ್ಟೀರಾಯ್ಡ್ ಬೆರೆತ ಕ್ರೀಮುಗಳ ಬಳಕೆ ಈ ಹಾವಳಿಗೆ ಒಂದು ಮುಖ್ಯ ಕಾರಣ ಅಂತ ಚರ್ಮ ತಜ್ಞರು ಹೇಳುತ್ತಾ ಬಂದಿದ್ದಾರೆ.

ಸ್ಟೀರಾಯ್ಡ್ ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಜನ ಖುಷಿಯಾಗುತ್ತಾರೆ. ಒಳಗೆ ಶಿಲೀಂಧ್ರ ಮಾತ್ರ ಆರಾಮಾಗಿ ಬೆಳೆಯುತ್ತಿರುತ್ತದೆ. ಉಂಗುರದ ಆಕಾರ ಅಳಿಸಿಹೋಗಿ, ವೈದ್ಯರಿಗೂ ಗುರುತು ಸಿಗದ ರೂಪಕ್ಕೆ ಬರುತ್ತದೆ. ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ಹಚ್ಚುವ ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್ ಪಟ್ಟಿಯಡಿ ತಂದು, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಮಾಡಿತು.

ಸಮೀಕ್ಷೆಗೂ ಇದಕ್ಕೂ ಏನು ಸಂಬಂಧ ಅಂದರೆ: ಮೊನ್ನೆಯಷ್ಟೇ ಟ್ಯೂಬ್ ಹಚ್ಚಿದವನಿಗೆ “ಈ ವಾರ ತುರಿಕೆ ಇತ್ತಾ” ಅಂದರೆ “ಇಲ್ಲ” ಅನ್ನುತ್ತಾನೆ. ಅದು ಸುಳ್ಳಲ್ಲ. ಆದರೆ ಕಾಯಿಲೆಯೂ ಹೋಗಿಲ್ಲ. “ಈ ಮೂರು ತಿಂಗಳಲ್ಲಿ ಚರ್ಮಕ್ಕೆ ಏನಾದ್ರೂ ಹಚ್ಚಿದ್ರಾ? ಆ ಟ್ಯೂಬ್ ತೋರಿಸ್ತೀರಾ?” ಅನ್ನೋ ಒಂದು ಪ್ರಶ್ನೆ ಸೇರಿಸಿದರೆ ಈ ತಪ್ಪು ಬಹಳಷ್ಟು ಸರಿಯಾಗುತ್ತದೆ. ಖಾಲಿ ಟ್ಯೂಬನ್ನು ಜನ ಎಸೆಯೋದೂ ಕಡಿಮೆ. ‘ಮತ್ತೆ ಇದೇ ತರಬೇಕು’ ಅಂತ ಕಿಟಕಿ ಮೇಲೆ ಇಟ್ಟಿರುತ್ತಾರೆ.

ಸಾವಿರ ಜನರ ಒಂದು ಲೆಕ್ಕ

ಉದಾಹರಣೆಗೆ ಮಾತ್ರ ಒಂದು ಲೆಕ್ಕ ನೋಡೋಣ. ಒಂದು ಬೀದಿಯಲ್ಲಿ ಸಾವಿರ ಜನ. ಅವರಲ್ಲಿ ನಿಜವಾಗಿ ಹುಳುಕಡ್ಡಿ ಇರೋದು 100 ಜನಕ್ಕೆ. ಸಮೀಕ್ಷೆಯವರು ಕೇಳಿದಾಗ ಈ ನೂರರಲ್ಲಿ 60 ಜನ ‘ಹೌದು’ ಅಂದರು, 40 ಜನ ಮುಚ್ಚಿಟ್ಟರು ಅಥವಾ ಮರೆತರು. ಹುಳುಕಡ್ಡಿ ಇಲ್ಲದ 900 ಜನರಲ್ಲಿ 90 ಜನ ಬೆವರುಸಾಲೆಯನ್ನೋ ಸೊಳ್ಳೆ ಕಡಿತವನ್ನೋ ನೆನೆದು ‘ಹೌದು’ ಅಂದರು. ಒಟ್ಟು ‘ಹೌದು’ 150. ವರದಿಯಲ್ಲಿ ಶೇ 15 ಅಂತ ಬರುತ್ತದೆ, ನಿಜ ಶೇ 10.

ಪಕ್ಕದ ಬೀದಿಯಲ್ಲೂ ಕಾಯಿಲೆ ಇರೋದು ನೂರೇ ಜನಕ್ಕೆ. ಆದರೆ ಅಲ್ಲಿನವರು ಹೇಳೋಕೆ ಹಿಂಜರಿಯುವವರು. ಕಾಯಿಲೆ ಇರುವ 30 ಜನ, ಇಲ್ಲದ 20 ಜನ ‘ಹೌದು’ ಅಂದರು. ವರದಿ ಶೇ 5. ಒಂದು ಬೀದಿಗೆ 15, ಇನ್ನೊಂದಕ್ಕೆ 5. ಮೂರು ಪಟ್ಟು ವ್ಯತ್ಯಾಸ ಕಾಣುತ್ತದೆ, ಕಾಯಿಲೆ ಮಾತ್ರ ಎರಡೂ ಕಡೆ ಸಮ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮೊದಲ ಬೀದಿಯಲ್ಲಿ ‘ಹೌದು’ ಅಂದ 150 ಜನರಲ್ಲಿ ಚೀಟಿ ಎತ್ತಿ 30 ಜನರನ್ನು ವೈದ್ಯರು ನೋಡಲಿ. 12 ಜನಕ್ಕೆ ಹುಳುಕಡ್ಡಿ ಸಿಗುತ್ತದೆ ಅಂದರೆ, ಒಟ್ಟು 150ರಲ್ಲಿ 60. ‘ಇಲ್ಲ’ ಅಂದ 850 ಜನರಲ್ಲೂ ಹಾಗೇ ಚೀಟಿ ಎತ್ತಿ 85 ಜನರನ್ನು ನೋಡಲಿ. ನಾಲ್ವರಿಗೆ ಸಿಕ್ಕರೆ, 850ರಲ್ಲಿ 40. ಎರಡನ್ನೂ ಕೂಡಿದರೆ 100. ಸಾವಿರ ಜನರನ್ನು ನೋಡುವ ಬದಲು 115 ಜನರನ್ನು ನೋಡಿ ನಿಜದ ಹತ್ತಿರ ಬಂದಂತಾಯಿತು. ಲ್ಯಾಂಬೆತ್‌ನವರು ಹಿಡಿದದ್ದೂ ಮೊದಲು ಕೇಳಿ, ಆಮೇಲೆ ಕೆಲವರನ್ನು ನೋಡುವ ಇದೇ ದಾರಿ.

ಇಲ್ಲಿ ಗುಟ್ಟಿರೋದು ‘ಇಲ್ಲ’ ಅಂದವರನ್ನೂ ನೋಡುವುದರಲ್ಲಿ. ‘ಹೌದು’ ಅಂದವರನ್ನಷ್ಟೇ ಶಿಬಿರಕ್ಕೆ ಕರೆದು ಪರೀಕ್ಷಿಸಿದರೆ ಆ ನಲವತ್ತು ಜನ ಎಂದಿಗೂ ಲೆಕ್ಕಕ್ಕೆ ಬರುವುದಿಲ್ಲ.

ಕುಷ್ಠದಂಥ ಅಪರೂಪದ ಕಾಯಿಲೆಯಲ್ಲಿ ಲೆಕ್ಕ ಇನ್ನೂ ಬಿಗಿ. 10 ಸಾವಿರ ಜನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಅನ್ನೋ ಮಟ್ಟವನ್ನು ಭಾರತ 2005ರ ಡಿಸೆಂಬರ್‌ನಲ್ಲಿ ಮುಟ್ಟಿತು. ಮಟ್ಟ ಮುಟ್ಟಿತು ಅಂದ ಮಾತ್ರಕ್ಕೆ ಕಾಯಿಲೆ ಹೋಯಿತು ಅಂತಲ್ಲ. ಈಗಲೂ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷದಷ್ಟು ಹೊಸ ಪ್ರಕರಣ ಪತ್ತೆಯಾಗುತ್ತಿವೆ. ಅದು ಜಗತ್ತಿನ ಒಟ್ಟು ಲೆಕ್ಕದ ಅರ್ಧಕ್ಕೂ ಹೆಚ್ಚು. 30 ಸಾವಿರ ಜನರ ವಾರ್ಡಿನಲ್ಲಿ ಮೂವರಿಗೆ ಕುಷ್ಠ ಇದೆ ಅಂದುಕೊಳ್ಳಿ. ನೂರಕ್ಕೆ ಇಬ್ಬರು “ಮಚ್ಚೆ ಇದೆ” ಅಂದರೂ 600 ಜನರ ಪಟ್ಟಿ ಆಗುತ್ತದೆ. ಆರುನೂರು ಜನರನ್ನು ನೋಡಿ ಮೂವರು ಸಿಕ್ಕರು ಅಂದರೆ “ಸುಮ್ನೆ ದುಡ್ಡು ದಂಡ” ಅನ್ನುವವರಿದ್ದಾರೆ. ಆದರೆ ಆ ಮೂವರ ಕೈಕಾಲು ಉಳಿದದ್ದು ಆರುನೂರು ಜನ ಬಾಯಿಬಿಟ್ಟು ಹೇಳಿದ್ದರಿಂದ.

ಹೇಳಿದ್ರೆ ಏನಾಗುತ್ತೋ ಅನ್ನೋ ಭಯ

ಉತ್ತರ ಸರಿಯಾಗಿ ಬರದೇ ಇರೋದಕ್ಕೆ ಜನರನ್ನೇ ಬೈಯೋದು ಸುಲಭ. ಆದರೆ ಅವರ ಭಯಕ್ಕೆ ಕಾನೂನೇ ಕಾರಣ ಕೊಟ್ಟಿತ್ತು. ಕುಷ್ಠರೋಗಿಗಳನ್ನು ಬೇರೆ ಇಡಲು ಅವಕಾಶ ಕೊಟ್ಟಿದ್ದ 1898ರ ಕಾಯ್ದೆ ರದ್ದಾದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅನ್ನೋದು ವಿಚ್ಛೇದನಕ್ಕೆ ಕಾರಣ ಆಗಬಹುದು ಅನ್ನೋ ಅಂಶವನ್ನು ವೈಯಕ್ತಿಕ ಕಾನೂನುಗಳಿಂದ ತೆಗೆದದ್ದು 2019ರಲ್ಲಿ. ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ‘ಹೌದು’ ಅಂದ ಹೆಣ್ಣುಮಗಳು ತನ್ನ ಸಂಸಾರವನ್ನೇ ಪಣಕ್ಕಿಟ್ಟಂತೆ ಇತ್ತು.

ಕಾನೂನು ಬದಲಾದರೂ ಬೀದಿ ಅಷ್ಟು ಬೇಗ ಬದಲಾಗಲ್ಲ. ಬಾಡಿಗೆ ಮನೆಯವರಿಗೆ ಓನರ್ ಭಯ, ಹೋಟೆಲ್ ಕೆಲಸದವರಿಗೆ ಕೆಲಸ ಹೋಗುವ ಭಯ, ಮದುವೆಗೆ ಬಂದವರಿಗೆ ಸಂಬಂಧ ತಪ್ಪುವ ಭಯ. ತೊನ್ನು ಅಂಟುರೋಗ ಅಲ್ಲವೇ ಅಲ್ಲ, ಸೋರಿಯಾಸಿಸ್ಸೂ ಅಲ್ಲ. ಆದರೂ ಚಿಲ್ಲರೆ ಕೊಡುವಾಗ ಕೈ ನೋಡಿ ಹಿಂಜರಿಯುವ ಗಿರಾಕಿಗಳು ಇದ್ದಾರೆ ಅನ್ನೋದು ಅಂಗಡಿಯವರಿಗೇ ಗೊತ್ತು.

2025ರ ಅಕ್ಟೋಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ 60 ಪ್ರಶ್ನೆ ಹಿಡಿದು ಬೆಂಗಳೂರಿನ ಮನೆಮನೆಗೆ ಬಂದಾಗ “ಇಷ್ಟೆಲ್ಲಾ ಯಾಕೆ ಹೇಳಬೇಕು” ಅಂತ ಬಾಗಿಲಲ್ಲೇ ತಡೆದವರು ಬಹಳ ಮಂದಿ. ಉತ್ತರ ಕೊಡಲೇಬೇಕು ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ, ಮಾಹಿತಿ ಗುಟ್ಟಾಗಿರಬೇಕು ಅಂತ ಹೈಕೋರ್ಟ್ ಹೇಳಿತ್ತು. ಕೋಳಿ, ಕುರಿ, ಚಿನ್ನದ ಪ್ರಶ್ನೆಗೇ ಇಷ್ಟು ಸಂಕೋಚ ಇದ್ದರೆ ಮೈಮೇಲಿನ ಮಚ್ಚೆಯ ಪ್ರಶ್ನೆಗೆ ಎಷ್ಟಿರಬೇಕು?

ಏನು ಮಾಡಿದರೆ ಲೆಕ್ಕ ಸರಿಯಾದೀತು

ದೇಶದಲ್ಲಿ 2016ರಿಂದ ನಡೆದ ಕುಷ್ಠರೋಗ ಪತ್ತೆ ಆಂದೋಲನದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ತಂಡದಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಒಬ್ಬ ಗಂಡಸು ಸ್ವಯಂಸೇವಕ ಇರಬೇಕು. ಹೆಂಗಸರನ್ನು ಆಕೆ, ಗಂಡಸರನ್ನು ಆತ ನೋಡಬೇಕು. ಕೇಳೋದರ ಜೊತೆ ನೋಡೋದೂ ಆಗಬೇಕು. ಅನುಮಾನ ಬಂದವರನ್ನು ವೈದ್ಯರು ಪರೀಕ್ಷಿಸಿ ಖಚಿತ ಮಾಡಬೇಕು. ಅವಸರದಲ್ಲಿ ಬರೀ ಕೇಳಿ ಮುಂದಿನ ಮನೆಗೆ ಹೋದರೆ ಮಾತ್ರ ಈ ವ್ಯವಸ್ಥೆಯೂ 1881ರ ಗಣತಿಯ ಮಟ್ಟಕ್ಕೆ ಇಳಿಯುತ್ತದೆ.

ಉಳಿದದ್ದು ಚರ್ಮದ ಎಲ್ಲಾ ಸಮೀಕ್ಷೆಗೂ ಅನ್ವಯಿಸುವ ಮಾತು. ಮನೆಯ ಒಬ್ಬರು ಎಲ್ಲರ ಪರವಾಗಿ ಉತ್ತರಿಸಬಾರದು. ಅತ್ತೆಗೆ ಸೊಸೆಯ ಬೆನ್ನ ಮೇಲಿನ ಮಚ್ಚೆ ಗೊತ್ತಿರಲ್ಲ, ಅಪ್ಪನಿಗೆ ಮಗನ ತೊಡೆಸಂದಿಯ ತುರಿಕೆ ಗೊತ್ತಿರಲ್ಲ. ಪ್ರಶ್ನೆಯಲ್ಲಿ ಊರವರ ಪದ ಇರಬೇಕು, ಜೊತೆಗೆ ನಮ್ಮ ಮೈಬಣ್ಣದ ಮೇಲೆ ತೆಗೆದ ಫೋಟೊ ಇರಬೇಕು. ಹಗಲು ಬಾಗಿಲು ಹಾಕಿರುವ ಪಿಜಿ, ಕಾರ್ಮಿಕರ ಶೆಡ್ಡುಗಳಿಗೆ ಭಾನುವಾರವೋ ಸಂಜೆಯೋ ಹೋಗಬೇಕು. ‘ಹೌದು’ ಅಂದವರಿಗೆ ಎಲ್ಲಿ, ಯಾವ ದಿನ, ಯಾರನ್ನು ಕಾಣಬೇಕು ಅಂತ ಅಲ್ಲೇ ಹೇಳಿ ಬರಬೇಕು. ಹೇಳಿದ್ದರಿಂದ ಒಂದು ಪ್ರಯೋಜನ ಆಯಿತು ಅಂತ ಕಂಡರೆ ಮುಂದಿನ ಸಲ ಪಕ್ಕದ ಮನೆಯವರೂ ಹೇಳುತ್ತಾರೆ.

ಅಂಗಡಿಯವರ ಪಾತ್ರವೂ ಚಿಕ್ಕದಲ್ಲ. ಒಂದೇ ಮನೆಯಿಂದ ಮೂರನೇ ಸಲ ತುರಿಕೆಯ ಟ್ಯೂಬ್ ಕೇಳಿ ಬಂದರೆ, ಅಲ್ಲಿ ಕಜ್ಜಿಯೋ ಹುಳುಕಡ್ಡಿಯೋ ಹರಡುತ್ತಿದೆ ಅಂತ ಮೊದಲು ಗೊತ್ತಾಗೋದು ಮೆಡಿಕಲ್ ಶಾಪ್‌ನವರಿಗೆ. ಚೀಟಿ ಇಲ್ಲದೆ ಸ್ಟೀರಾಯ್ಡ್ ಕೊಡದೆ “ಬೌರಿಂಗ್‌ಗೋ ಕ್ಲಿನಿಕ್‌ಗೋ ಹೋಗಿ ಒಂದ್ಸಲ ತೋರಿಸಿ, ಮನೆಯವರನ್ನೂ ಕರ್ಕೊಂಡು ಹೋಗಿ” ಅಂದರೆ ಒಂದು ಟ್ಯೂಬಿನ ವ್ಯಾಪಾರ ಹೋಗಬಹುದು, ಒಂದು ಬೀದಿಯ ತುರಿಕೆ ನಿಲ್ಲುತ್ತದೆ. ಹೋಟೆಲ್, ಬೇಕರಿ ಮಾಲೀಕರು ಮಚ್ಚೆ ಕಂಡ ಹುಡುಗನನ್ನು ಕೆಲಸದಿಂದ ತೆಗೆದರೆ ಉಳಿದ ಹುಡುಗರೆಲ್ಲಾ ಮುಚ್ಚಿಡೋದು ಕಲಿಯುತ್ತಾರೆ. ಅರ್ಧ ದಿನ ರಜೆ ಕೊಟ್ಟು ಆಸ್ಪತ್ರೆಗೆ ಕಳಿಸಿದರೆ ಎಲ್ಲರೂ ಹೇಳೋದು ಕಲಿಯುತ್ತಾರೆ.

ಸಮೀಕ್ಷೆಯವರು ಬರುವವರೆಗೆ ಕಾಯದೆ ಪ್ರತಿ ಮನೆಯಲ್ಲಿ ಮಾಡಬಹುದಾದ ಕೆಲಸವೂ ಒಂದಿದೆ. ಮೈಮೇಲೆ ಬಣ್ಣ ಮಾಸಿದ, ತುರಿಸದ, ನೋಯದ ಮಚ್ಚೆ ಇದ್ದರೆ ಆ ವ್ಯಕ್ತಿ ಕಣ್ಣು ಮುಚ್ಚಿಕೊಳ್ಳಲಿ. ಇನ್ನೊಬ್ಬರು ಹತ್ತಿಯ ಎಳೆಯಿಂದ ಆ ಜಾಗವನ್ನು ಮೆಲ್ಲಗೆ ಮುಟ್ಟಲಿ, ಪಕ್ಕದ ಸರಿಯಾದ ಚರ್ಮವನ್ನೂ ಮುಟ್ಟಲಿ. ಮುಟ್ಟಿದ್ದು ಗೊತ್ತಾಗಲಿಲ್ಲ ಅಂದರೆ ಆ ವಾರವೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಕುಷ್ಠ ಅಂತಾದರೆ ಆರು ತಿಂಗಳೋ ಒಂದು ವರ್ಷವೋ ಮಾತ್ರೆ, ಅದೂ ಉಚಿತ. ಚಿಕಿತ್ಸೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವುದು ಬೇಗ ನಿಂತುಹೋಗುತ್ತದೆ. ಮನೆ ಬಿಡಬೇಕಾಗಿಲ್ಲ, ಕೆಲಸ ಬಿಡಬೇಕಾಗಿಲ್ಲ.

ಮುಂದಿನ ಸಲ ಬಾಗಿಲಲ್ಲಿ “ಮಚ್ಚೆ ಇದ್ಯಾ, ತುರಿಕೆ ಇದ್ಯಾ” ಅನ್ನೋ ದನಿ ಕೇಳಿದಾಗ ಒಳಗಿನಿಂದಲೇ “ಏನೂ ಇಲ್ಲ” ಅನ್ನುವ ಮುಂಚೆ ಮನೆಯವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರೆ ಹೆಚ್ಚೆಂದರೆ ಐದು ನಿಮಿಷ ಹೋಗುತ್ತದೆ. ಪುಸ್ತಕದಲ್ಲಿ ಬರೆದದ್ದು ನಿಜವಾಗೋದು ಆ ಐದು ನಿಮಿಷದಲ್ಲೇ.